ಬಾಲ ನ್ಯಾಯ ಮಂಡಳಿ, ವೀಕ್ಷಣಾಲಯದ ಕಡೆ ಸೈಕಾಲಜಿಸ್ಟ್ ಕೆಲಸ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ವಿವರ ಕೊಡಿ

ಕಲ್ಪತರು_ಸೀಮೆ:
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಸೈಕಾಲಜಿ ಕೊನೇ ಸೆಮಿಸ್ಟರ್, ತುಮಕೂರು. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ (ಅಂದ್ರೆ ಅಪರಾಧದ ಆರೋಪ ಇರೋ) ಮಕ್ಕಳ ಜೊತೆ ಕೆಲಸ ಮಾಡಬೇಕು ಅಂತಿದೆ. ಆಸ್ಪತ್ರೆ, ಶಾಲೆ, ಕಂಪನಿ ಅಂದ್ರೆ ದಾರಿ ಹೇಳೋರು ಬೇಕಾದಷ್ಟು ಜನ ಸಿಕ್ತಾರೆ, ಈ ಕಡೆಯದ್ದು ಹೇಳೋರು ಸಿಗ್ತಿಲ್ಲ. ಯಾವ್ಯಾವ ಹುದ್ದೆ ಇವೆ? ಎಂ.ಎಸ್ಸಿ ಸಾಕಾ? ದಿನದ ಕೆಲಸ ಅಂದ್ರೆ ನಿಜಕ್ಕೂ ಏನು? ಸೆಕ್ಷನ್ 15ರ ಅಸೆಸ್‌ಮೆಂಟ್ (ಘೋರ ಅಪರಾಧದ ಕೇಸಲ್ಲಿ 16 ತುಂಬಿದವರನ್ನ ವಯಸ್ಕರಂತೆ ವಿಚಾರಣೆ ಮಾಡಬೇಕಾ ಅಂತ ನೋಡೋದು) ಯಾರು ಮಾಡ್ತಾರೆ? "ಪುಣ್ಯದ ಕೆಲಸ, ಸೇರಿಕೊಳ್ಳಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಡಿಸಿಪಿಯು_ಕಡತ:
ಎಂ.ಎಸ್ಸಿ ಸಾಕಾ ಅನ್ನೋದು ಯಾವ ಹುದ್ದೆ ಅನ್ನೋದರ ಮೇಲಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಿಷನ್ ವಾತ್ಸಲ್ಯ ಅನ್ನೋ ಮಕ್ಕಳ ರಕ್ಷಣಾ ಯೋಜನೆಯಡಿ ಆಪ್ತ ಸಮಾಲೋಚಕರ ಹುದ್ದೆ ಇದೆ. ಅದಕ್ಕೆ ಸಮಾಜಕಾರ್ಯ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಕೌನ್ಸೆಲಿಂಗ್ ಇಂಥ ವಿಷಯದಲ್ಲಿ ಪದವಿ ಮತ್ತು ಮಕ್ಕಳ ಕ್ಷೇತ್ರದ ಅನುಭವ ಕೇಳ್ತಾರೆ. ಅಂದ್ರೆ ನಿಮ್ಮ ಎಂ.ಎಸ್ಸಿ ಅಲ್ಲಿ ದೊಡ್ಡ ಅನುಕೂಲ ಏನಲ್ಲ, ಅನುಭವ ಪತ್ರಕ್ಕೇ ತೂಕ. ಆ ಪತ್ರದಲ್ಲಿ ಯಾವ ವಯಸ್ಸಿನ ಮಕ್ಕಳು, ಏನು ಕೆಲಸ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಅಂತ ಬಿಡಿಸಿ ಬರೆಸಿಕೊಳ್ಳಿ. "ಉತ್ತಮವಾಗಿ ಕೆಲಸ ಮಾಡಿದ್ದಾರೆ" ಅನ್ನೋ ಒಂದು ಸಾಲಿನ ಪತ್ರಕ್ಕೆ ಅಂಕ ಬೀಳಲ್ಲ.

ಎರಡನೇದು ವೀಕ್ಷಣಾಲಯ (ಕೇಸು ನಡೆಯೋವಾಗ ಮಕ್ಕಳನ್ನ ಇರಿಸೋ ಜಾಗ), ಬಾಲಮಂದಿರಗಳ ಒಳಗಿನ ಸಮಾಲೋಚಕರ ಹುದ್ದೆ. ಇವೆರಡೂ ಗುತ್ತಿಗೆ. ಅನುದಾನ ಕೇಂದ್ರ 60, ರಾಜ್ಯ 40ರ ಲೆಕ್ಕದಲ್ಲಿ ಬರೋದು. ಬರೋದು ತಡವಾದ್ರೆ ಸಂಬಳವೂ ತಡ, ಇದನ್ನ ತಿಳಿದೇ ಸೇರಿ. ಅಧಿಸೂಚನೆ ಜಿಲ್ಲಾಡಳಿತದ ಜಾಲತಾಣದಲ್ಲಿ ಬರುತ್ತೆ.

ಮೂರನೇದು ತಜ್ಞರ ಪ್ಯಾನೆಲ್. ಸೆಕ್ಷನ್ 15ರ ಕೆಲಸಕ್ಕೆ ಮಂಡಳಿ ಯಾರ ನೆರವು ಪಡೀಬಹುದು ಅನ್ನೋ ಪಟ್ಟಿಯನ್ನ ಘಟಕ ಒದಗಿಸಬಹುದು ಅಂತ 2016ರ ಮಾದರಿ ನಿಯಮಗಳ 10ಎ ಹೇಳುತ್ತೆ. ಇದು ನೌಕರಿ ಅಲ್ಲ, ಕರೆದಾಗ ಹೋಗೋದು. ನಾಲ್ಕನೇದು ಮಂಡಳಿಯ ಸದಸ್ಯತ್ವ. ಮಂಡಳಿ ಅಂದ್ರೆ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಮಕ್ಕಳ ಮನಶ್ಶಾಸ್ತ್ರದ ಪದವಿ ಇದ್ದು ವೃತ್ತಿಯಲ್ಲಿರೋರು ಸದಸ್ಯರಾಗಬಹುದು, ಆದ್ರೆ ಮಾದರಿ ನಿಯಮದ ಪ್ರಕಾರ 35 ವರ್ಷ ತುಂಬಿರಬೇಕು. ನಿಮಗಿನ್ನೂ ಟೈಮ್ ಇದೆ ಬಿಡಿ.

ಬೆಟ್ಟದ_ಬುಡ:
ಮೇಲಿನದಕ್ಕೆ ಒಂದು ಸೇರ್ಪಡೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಇರುತ್ತೆ. ಮಂಡಳಿಯಿಂದ ಬರೋ ಉಲ್ಲೇಖಗಳು ಬಹುಪಾಲು ಅಲ್ಲಿಗೇ ಹೋಗೋದು. ಆದ್ರೆ ಅದಕ್ಕೆ ಎಂ.ಎಸ್ಸಿ ಸಾಲದು, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು. ಎರಡು ವರ್ಷದ ಎಂ.ಫಿಲ್ ಇದುವರೆಗಿನ ಮುಖ್ಯ ದಾರಿ. ಯುಜಿಸಿ ಎಂ.ಫಿಲ್ ಪದವಿಯನ್ನೇ ನಿಲ್ಲಿಸಿದಾಗ ಕ್ಲಿನಿಕಲ್ ಸೈಕಾಲಜಿಗೆ 2025-26ರವರೆಗೆ ವಿನಾಯಿತಿ ಕೊಟ್ಟಿತ್ತು. ಆದ್ದರಿಂದ ಯಾವ ಕೋರ್ಸಿಗೆ ಸೇರೋದಾದ್ರೂ ದುಡ್ಡು ಕಟ್ಟೋ ಮುಂಚೆ ಆರ್‌ಸಿಐ ಮಾನ್ಯತಾ ಪಟ್ಟಿಯಲ್ಲಿ ಆ ಸಂಸ್ಥೆ, ಆ ವರ್ಷ ಎರಡೂ ಇದೆಯಾ ನೋಡಿ. ದೂರಶಿಕ್ಷಣದಲ್ಲಿ ಸೈಕಾಲಜಿ ಮಾಡೋಣ ಅಂದುಕೊಂಡಿರೋ ನಿಮ್ಮ ಸ್ನೇಹಿತರಿಗೂ ಹೇಳಿ: 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಅದನ್ನ ಯುಜಿಸಿ ನಿಲ್ಲಿಸಿದೆ.

ಕಲ್ಪತರು_ಸೀಮೆ:
ಧನ್ಯವಾದ ಸರ್. ವೀಕ್ಷಣಾಲಯದಲ್ಲಿ ಹೊಸ ಹುಡುಗ ಬಂದ ತಕ್ಷಣ ಸೈಕಾಲಜಿಸ್ಟ್ ಏನು ಮಾಡಬೇಕು? ನಮ್ಮ ಸಿಲಬಸ್ಸಲ್ಲಿ ನೇರ ಟೆಸ್ಟ್ ಬ್ಯಾಟರಿಗೆ ಹೋಗ್ತಾರೆ.

ಒಳಮನೆ_ಕೌನ್ಸೆಲರ್:
ಮೊದಲ ವಾರ ಟೆಸ್ಟ್ ಕಿಟ್ ಬೀರುವಿನಲ್ಲೇ ಇರಲಿ. ಹಿಡಿದ 24 ಗಂಟೆಯೊಳಗೆ ಮಂಡಳಿ ಮುಂದೆ ನಿಂತು, ಅಲ್ಲಿಂದ ಗೊತ್ತಿಲ್ಲದ ಜಾಗಕ್ಕೆ ಬಂದಿರೋ ಹುಡುಗ ಅವನು. ಎರಡು ರಾತ್ರಿ ನಿದ್ದೆ ಇರಲ್ಲ. ಅವತ್ತು ತೆಗೆದ ಅಂಕ ಬುದ್ಧಿಶಕ್ತಿಯದ್ದಲ್ಲ, ಗಾಬರಿಯದ್ದು.

ಮೊದಲ ಭೇಟಿ 20-25 ನಿಮಿಷ ಸಾಕು. ಕೇಸಿನ ಬಗ್ಗೆ ಒಂದು ಪ್ರಶ್ನೆಯೂ ಬೇಡ. ಊಟ ಆಯ್ತಾ, ನಿದ್ದೆ ಬಂತಾ, ಮನೆಯವರಿಗೆ ನೀನು ಇಲ್ಲಿರೋದು ಗೊತ್ತಾ, ಯಾರಿಗೆ ಫೋನ್ ಮಾಡಬೇಕು. ಆಮೇಲೆ ನಶೆ: ಏನು ತಗೋತಿದ್ದೆ, ಕೊನೇ ಸಲ ಯಾವಾಗ. ನಮ್ಮ ಕಡೆ ಗುಟ್ಕಾ, ಬೀಡಿ, ಗಾಂಜಾ, ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಎಲ್ಲ ಹೆಸರಿಟ್ಟು ಕೇಳಬೇಕು. "ಏನಾದ್ರೂ ಅಭ್ಯಾಸ ಇದೆಯಾ" ಅಂದ್ರೆ "ಇಲ್ಲ ಮಿಸ್" ಅಂತಲೇ ಬರುತ್ತೆ. ತಂಬಾಕು ಬಿಟ್ಟಾಗಿನ ಸಿಡುಕು ಮೊದಲ ಎರಡು ಮೂರು ದಿನ ಜೋರು, ಗಾಂಜಾದ್ದು ಒಂದು ವಾರದ ಹೊತ್ತಿಗೆ ಏರುತ್ತೆ, ನಿದ್ದೆಯ ತೊಂದರೆ ಇನ್ನೂ ಮುಂದಕ್ಕೆ ಎಳೆಯುತ್ತೆ. ಸಿಬ್ಬಂದಿ ಇದನ್ನೇ "ಹುಡುಗ ಭಾರಿ ರೌಡಿ" ಅಂತ ರಿಜಿಸ್ಟರಿನಲ್ಲಿ ಬರೆದುಬಿಡ್ತಾರೆ. ಅದು ಮುಂದೆ ಮಂಡಳಿಗೆ ಹೋಗೋ ವರದಿಯಲ್ಲಿ "ಆಕ್ರಮಣಕಾರಿ ಸ್ವಭಾವ" ಆಗಿಬಿಡುತ್ತೆ.

ಮೈ ಮೇಲೆ ಗಾಯ ಇದ್ರೆ, ತಲೆಗೆ ಪೆಟ್ಟು ಬಿದ್ದಿದ್ರೆ ಅದೇ ದಿನ ಅಧೀಕ್ಷಕರಿಗೆ ಬರಹದಲ್ಲಿ ಕೊಡಿ, ವೈದ್ಯಕೀಯ ತಪಾಸಣೆ ಆಗಲಿ, ಮಂಡಳಿಗೂ ಗೊತ್ತಾಗಲಿ. ಬಾಯಲ್ಲಿ ಹೇಳಿದ್ದು ಸಂಜೆ ಹೊತ್ತಿಗೆ ಮರೆತುಹೋಗಿರುತ್ತೆ. ಕಜ್ಜಿ ಇದ್ರೆ ಅದಕ್ಕೆ ಮೊದಲು ಔಷಧಿ. ರಾತ್ರಿಯಿಡೀ ಕೆರೆದುಕೊಂಡ ಹುಡುಗ ನಿಮ್ಮ ಮುಂದೆ 45 ನಿಮಿಷ ಕೂರಲ್ಲ. ಇದು ಸೈಕಾಲಜಿ ಅಲ್ಲ ಅನ್ನಿಸಬಹುದು, ಆದ್ರೆ ಇದಿಲ್ಲದೆ ಸೈಕಾಲಜಿ ಶುರುವಾಗಲ್ಲ.

ಸಾಯೋ ಯೋಚನೆ ಬಂದಿತ್ತಾ ಅಂತ ನೇರವಾಗಿ ಕೇಳಿ. ಕೇಳಿದ್ರೆ ತಲೆಗೆ ಹುಳ ಬಿಟ್ಟಂಗಾಗುತ್ತೆ ಅನ್ನೋದು ಸುಳ್ಳು. ಮೊದಲ ಮೂರು ದಿನ, ಜಾಮೀನು ತಿರಸ್ಕಾರವಾದ ದಿನ, ಸಂದರ್ಶನದ ದಿನ ಮನೆಯವರು ಬರದೇ ಇದ್ದಾಗ, ಹಬ್ಬದ ಹಿಂದಿನ ರಾತ್ರಿ: ಇವನ್ನ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಅಪಾಯ ಇದೆ ಅನ್ನಿಸಿದ ಹುಡುಗನನ್ನ ಒಬ್ಬನೇ ಕೋಣೆಯಲ್ಲಿ ಕೂಡಿಹಾಕೋದು ದೊಡ್ಡ ತಪ್ಪು. ಜನ ಓಡಾಡೋ ಕಡೆ ಮಲಗಿಸಬೇಕು, ರಾತ್ರಿ ಪಾಳಿಯವರಿಗೆ ಹೆಸರು ಬರೆದುಕೊಟ್ಟು ಸಹಿ ಹಾಕಿಸಿಕೊಳ್ಳಬೇಕು.

ಗಣಿ_ಊರು:
ಭಾಷೆ ವಿಷಯ ಯಾರೂ ಎತ್ತಿಲ್ಲ. ಪಾವಗಡ, ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು, ಶ್ರೀನಿವಾಸಪುರ ಕಡೆ ಮನೆಮಾತು ತೆಲುಗು. ಕೆಜಿಎಫ್ ಅಂದ್ರೆ ತಮಿಳು. ತುಮಕೂರು, ಚಿಂತಾಮಣಿ, ಶಿಡ್ಲಘಟ್ಟದ ಪೇಟೆಗಳಲ್ಲಿ ದಖನಿ ಉರ್ದು. ಹುಡುಗ ಶಾಲೆ ಕನ್ನಡದಲ್ಲಿ ಹೆಸರು, ಊರು, ಕ್ಲಾಸು ಚೆನ್ನಾಗೇ ಹೇಳ್ತಾನೆ. ಅವತ್ತು ರಾತ್ರಿ ಹೆದರಿಕೆ ಹೇಗಿತ್ತು ಅಂತ ಕೇಳಿದ್ರೆ ಮಾತು ನಿಂತುಹೋಗುತ್ತೆ. ಅದನ್ನ "ಭಾವನೆ ವ್ಯಕ್ತಪಡಿಸುವುದಿಲ್ಲ, ಪಶ್ಚಾತ್ತಾಪ ಇಲ್ಲ" ಅಂತ ಬರೆದ್ರೆ ಮುಗೀತು ಅವನ ಕಥೆ.

ಅನುವಾದಕ್ಕೆ ಅದೇ ಕೇಸಿನ ಇನ್ನೊಬ್ಬ ಹುಡುಗ ಬೇಡ, ಪೊಲೀಸರು ಬೇಡ, ಚಿಕ್ಕಪ್ಪ ದೊಡ್ಡಪ್ಪಂದಿರೂ ಬೇಡ. ಘಟಕದ ಮೂಲಕ ಶಿಕ್ಷಕರನ್ನೋ ಅಂಗನವಾಡಿ ಮೇಲ್ವಿಚಾರಕಿಯನ್ನೋ ಕೇಳಿ, ಗೋಪ್ಯತೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಕೂರಿಸಿ. ಯಾವ ಭಾಷೆಯಲ್ಲಿ ಮಾತಾಡಿದ್ದು, ಯಾರು ಅನುವಾದಿಸಿದ್ದು ಅನ್ನೋದು ವರದಿಯ ಮೊದಲ ಪುಟದಲ್ಲೇ ಇರಲಿ.

ಬೆಟ್ಟದ_ಬುಡ:
ಟೆಸ್ಟುಗಳ ಬಗ್ಗೆ. ಕಿಟ್ ಇದೆ ಅಂತ ಹಾಕೋದಲ್ಲ, ವಯಸ್ಸು ನೋಡಿ ಹಾಕೋದು. ಮಾಲಿನ್ ಅವರ ಮಕ್ಕಳ ಬುದ್ಧಿಮಾಪಕ 6ರಿಂದ 15 ವರ್ಷದವರಿಗೆ. ಸೆಕ್ಷನ್ 15 ಬರೋದೇ 16 ದಾಟಿದವರಿಗೆ, ಆದ್ರೂ 17ರ ಹುಡುಗನಿಗೆ ಇದನ್ನ ಹಾಕಿರೋ ವರದಿಗಳು ಬರುತ್ತವೆ. ಭಾಟಿಯಾ ಬ್ಯಾಟರಿ 11ರಿಂದ 16ಕ್ಕೆ. ಐದು ಉಪಪರೀಕ್ಷೆ, ಹೆಚ್ಚಿನಂಶ ಕೈಯಲ್ಲಿ ಮಾಡೋವಂಥವು, ಓದು ಬರಹ ಬಾರದವರಿಗೆ ಅನುಕೂಲ. ಬಿನೆ-ಕಾಮತ್ ಕನ್ನಡ ಮತ್ತು ಮರಾಠಿ ಮಕ್ಕಳ ಮೇಲೆ ರೂಪಿಸಿದ್ದು, ವಯಸ್ಸಿನ ವ್ಯಾಪ್ತಿಯೂ ದೊಡ್ಡದು. ಆದ್ರೆ 1930ರ ದಶಕದ ಸರಕು, ಅಂಕವನ್ನ ಎಚ್ಚರಿಕೆಯಿಂದ ಓದಬೇಕು. ರೇವನ್ಸ್ ಮ್ಯಾಟ್ರಿಸಸ್‌ಗೆ ಭಾಷೆ ಬೇಡ, ಕಣ್ಣು ಬೇಕು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದ ಹುಡುಗನಿಗೆ ಅದನ್ನ ಕೊಟ್ಟು "ಸರಾಸರಿಗಿಂತ ಕಡಿಮೆ" ಅಂತ ಬರೆಯೋದು ನಡೀತಾ ಇದೆ. ವರ್ತನೆಯ ಸ್ಥೂಲ ಚಿತ್ರಕ್ಕೆ ಎಸ್‌ಡಿಕ್ಯು ಸಾಕು. 25 ಪ್ರಶ್ನೆ, ಕನ್ನಡದಲ್ಲೂ ಇದೆ, 11ರಿಂದ 17ರವರು ತಾವೇ ತುಂಬಬಹುದು. ಓದಲು ಬಾರದಿದ್ದರೆ ಓದಿ ಹೇಳಿ, ಓದಿ ಹೇಳಿದ್ದನ್ನ ವರದಿಯಲ್ಲಿ ನಮೂದಿಸಿ.

ಇನ್ನು ದೊಡ್ಡ ತಪ್ಪು: ಐಕ್ಯು 95 ಬಂತು, ಆದ್ದರಿಂದ ಅಪರಾಧ ಮಾಡುವ ಮಾನಸಿಕ ಸಾಮರ್ಥ್ಯ ಇದೆ ಅಂತ ತೀರ್ಮಾನ. ಐಕ್ಯು ತೀರಾ ಕಡಿಮೆ ಇದ್ರೆ ಅದು ಮುಖ್ಯ ಮಾಹಿತಿ, ಹೇಳಲೇಬೇಕು. ಸರಾಸರಿ ಇದ್ರೆ ಅದು ಏನನ್ನೂ ಸಾಬೀತು ಮಾಡಲ್ಲ. ಗಣಿತದಲ್ಲಿ ಚುರುಕಾದ ಹದಿನೇಳರ ಹುಡುಗನೇ ನಾಲ್ಕು ಜನ ದೊಡ್ಡವರ ಮಧ್ಯೆ ನಿಂತಾಗ "ಬೇಡ" ಅನ್ನಲಾರ. ಆ ವಯಸ್ಸಲ್ಲಿ ಗೊತ್ತಿರೋದು ಬೇರೆ, ಆ ಗಳಿಗೆಯಲ್ಲಿ ತಡೆದುಕೊಳ್ಳೋದು ಬೇರೆ.

ಕಪ್ಪುಕೋಟು_ಕೋಲಾರ:
ಸೆಕ್ಷನ್ 15ರ ಕಾನೂನು ಚೌಕಟ್ಟನ್ನು ವಕೀಲರ ಕಡೆಯಿಂದ ಹೇಳುತ್ತೇನೆ. 2015ರ ಬಾಲ ನ್ಯಾಯ ಕಾಯಿದೆ ಜಾರಿಗೆ ಬಂದದ್ದು 2016ರ ಜನವರಿ 15ರಂದು. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಮೇಲ್ಪಟ್ಟ ಅಪರಾಧಗಳು ಘೋರ ಅಪರಾಧಗಳು. 16 ತುಂಬಿದ ಮಗುವಿನ ಮೇಲೆ ಅಂಥ ಆರೋಪವಿದ್ದರೆ ಮಂಡಳಿ ಪ್ರಾಥಮಿಕ ನಿರ್ಧರಣೆ ನಡೆಸಬೇಕು. ಅಪರಾಧವೆಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ, ಕೃತ್ಯ ನಡೆಯಿತೆನ್ನಲಾದ ಸನ್ನಿವೇಶ: ನೋಡಬೇಕಾದದ್ದು ಇವನ್ನು. ಇದು ವಿಚಾರಣೆಯಲ್ಲ ಎಂದು ಕಾಯಿದೆಯೇ ವಿವರಣೆಯಲ್ಲಿ ಹೇಳಿದೆ. ಮಗು ತಪ್ಪು ಮಾಡಿದೆಯೇ ಎಂಬುದನ್ನು ಈ ಹಂತದಲ್ಲಿ ಯಾರೂ ತೀರ್ಮಾನಿಸುವಂತಿಲ್ಲ.

ಸೈಕಾಲಜಿಸ್ಟ್ ನೆರವು "ಪಡೆಯಬಹುದು" ಎಂದು ಕಾಯಿದೆಯಲ್ಲಿದೆ. ಬರುನ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಜುಲೈ 13ರಂದು ಇದನ್ನು ಬಿಗಿ ಮಾಡಿತು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮಕ್ಕಳ ಮನೋವೈದ್ಯದ ಪದವಿ ಪಡೆದ ವೃತ್ತಿಪರರು ಇಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ. ಪರಿಣಾಮವೆಂದರೆ ತಕ್ಷಣದ ಪರಿಣಾಮ ಮಾತ್ರವಲ್ಲ, ಸಂತ್ರಸ್ತರ ಮೇಲೆ, ತನ್ನ ಮೇಲೆ, ಎರಡೂ ಕುಟುಂಬಗಳ ಮೇಲೆ ಮುಂದೆ ಆಗುವುದನ್ನೂ ಅರಿಯುವ ಶಕ್ತಿ ಎಂದೂ ಅದೇ ತೀರ್ಪು ಹೇಳಿತು. ಸೈಕಾಲಜಿಸ್ಟರ ಪ್ರಶ್ನೆಗಳು ಇಷ್ಟು ದೂರ ಹೋಗಬೇಕು.

ಅವಧಿ, ಮಗು ಮೊದಲ ಬಾರಿ ಹಾಜರಾದ ದಿನದಿಂದ 3 ತಿಂಗಳು. ನಮ್ಮ ರಾಜ್ಯದಿಂದಲೇ ಹೋದ ಪ್ರಕರಣವೊಂದರಲ್ಲಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಗಡುವು ಕಡ್ಡಾಯವಲ್ಲ, ನಿರ್ದೇಶನಾತ್ಮಕ ಎಂದಿದೆ. ಹಾಗೆಂದು ವರದಿ ಎಳೆದಾಡುವುದು ಬೇಡ, ಅಷ್ಟು ದಿನ ಒಳಗಿರುವುದು ಮಗು.

ಕಲ್ಪತರು_ಸೀಮೆ:
ಘೋರ ಅಪರಾಧ ಅಂದ್ರೆ ನಮ್ಮ ಜಿಲ್ಲೆಗಳಲ್ಲಿ ಅಷ್ಟೊಂದು ಕೊಲೆ ಕೇಸು ಇರುತ್ತಾ?

ಕಪ್ಪುಕೋಟು_ಕೋಲಾರ:
ಕೊಲೆಯೊಂದೇ ಅಲ್ಲ ಮೇಡಂ. ಹದಿನೇಳರ ಹುಡುಗ, ಹದಿನಾರರ ಹುಡುಗಿ ಪ್ರೀತಿಸಿ ಊರು ಬಿಟ್ಟರೆ ಹುಡುಗಿ ಮನೆಯವರು ದೂರು ಕೊಡುತ್ತಾರೆ. ಪೋಕ್ಸೋ ಸೆಕ್ಷನ್ 4ಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 10 ವರ್ಷ, ಹುಡುಗಿಗೆ 16 ತುಂಬಿರದಿದ್ದರೆ 20. ಹಾಗಾಗಿ ಅದು ತಾನಾಗಿಯೇ ಘೋರ ಅಪರಾಧದ ಪಟ್ಟಿಗೆ ಬೀಳುತ್ತದೆ. ಇಂಥಲ್ಲಿ ನಿಮ್ಮ ವರದಿಯ "ಸನ್ನಿವೇಶ" ಭಾಗವೇ ಜೀವಾಳ. ಎಷ್ಟು ಕಾಲದ ಪರಿಚಯ, ಬೆದರಿಕೆ ಅಥವಾ ಬಲವಂತದ ಸೂಚನೆಯಿದೆಯೇ, ಕಾನೂನಿನಲ್ಲಿ ವಯಸ್ಸಿನ ಮಿತಿ ಇದೆಯೆಂದು ಇಬ್ಬರಲ್ಲಿ ಯಾರಿಗಾದರೂ ಗೊತ್ತಿತ್ತೇ ಎಂಬುದನ್ನೆಲ್ಲ ಬರೆಯಿರಿ. ಎಲ್ಲವನ್ನೂ ಪ್ರೇಮ ಪ್ರಕರಣವೆಂದು ಮೊದಲೇ ಅಂದುಕೊಳ್ಳುವುದೂ ಅಪಾಯ. ಬಲವಂತ ನಡೆದಿರುವ ಪ್ರಕರಣಗಳೂ ಇದೇ ಸೆಕ್ಷನ್ನಿನಲ್ಲೇ ಬರುತ್ತವೆ.

ಒಳಮನೆ_ಕೌನ್ಸೆಲರ್:
ಇಲ್ಲೊಂದು ತಕರಾರು ಇದೆ. ದಿನಾ ಕೌನ್ಸೆಲಿಂಗ್ ಮಾಡೋರ ಕೈಯಲ್ಲೇ ಸೆಕ್ಷನ್ 15ರ ವರದಿ ಬರೆಸ್ತಾರೆ. ತಿಂಗಳುಗಟ್ಟಲೆ ನಂಬಿಕೆ ಗಳಿಸಿ, ಹುಡುಗ ಮನಸ್ಸು ಬಿಚ್ಚಿದ ಮೇಲೆ, ಅದೇ ಮಾತು ಮಂಡಳಿ ಮುಂದೆ ಅವನ ವಿರುದ್ಧ ಬರುತ್ತೆ. ಇದು ಆಗಬಾರದು.

ಡಿಸಿಪಿಯು_ಕಡತ:
ಹೇಳೋದು ಸುಲಭ. ಜಿಲ್ಲೆಗೆ ಇರೋದೇ ಒಬ್ಬರು ಇಬ್ಬರು. ಬೇರೆ ಯಾರನ್ನ ತರೋದು?

ಬೆಟ್ಟದ_ಬುಡ:
ಇಬ್ಬರು ಸಾಕು, ಪಾತ್ರ ಬೇರೆ ಮಾಡೋಕೆ. ಒಳಗಿನ ಸಮಾಲೋಚಕರು ಕೌನ್ಸೆಲಿಂಗ್ ಮಾಡಲಿ, ಜಿಲ್ಲಾ ಆಸ್ಪತ್ರೆಯವರೋ ಪ್ಯಾನೆಲ್ಲಿನವರೋ ಅಸೆಸ್‌ಮೆಂಟ್ ಮಾಡಲಿ. ಕೋಲಾರದ ಕೇಸಿಗೆ ಚಿಕ್ಕಬಳ್ಳಾಪುರದ ಪ್ಯಾನೆಲ್ಲಿನಿಂದ ಒಬ್ಬರನ್ನ ಕರೆಸೋಕೆ ಅಡ್ಡಿಯಿಲ್ಲ. ಇದು ಬರೀ ನೀತಿಯ ಮಾತಲ್ಲ. ನಮ್ಮ ಸಾಕ್ಷ್ಯ ಕಾನೂನಿನಲ್ಲಿ ವಕೀಲರ ಹತ್ತಿರ ಆಡಿದ ಮಾತಿಗಿರೋ ರಕ್ಷಣೆ ಸೈಕಾಲಜಿಸ್ಟ್ ಹತ್ತಿರ ಆಡಿದ ಮಾತಿಗಿಲ್ಲ. ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹೋದ್ರೆ ಮಂಡಳಿಗೆ ನೆರವಾದ ತಜ್ಞರನ್ನ ಬಿಟ್ಟು ಬೇರೆಯವರ ನೆರವು ಪಡೀಬೇಕು ಅಂತ ಸೆಕ್ಷನ್ 101 ಹೇಳುತ್ತೆ, ಆದ್ದರಿಂದ ಪಟ್ಟಿಯಲ್ಲಿ ಒಬ್ಬರೇ ಇದ್ರೆ ಅಲ್ಲೂ ಸಿಕ್ಕಿಹಾಕಿಕೊಳ್ತೀರಿ.

ಎರಡೂ ಒಬ್ಬರೇ ಮಾಡಲೇಬೇಕಾದ ಪರಿಸ್ಥಿತಿ ಬಂದ್ರೆ ಮಂಡಳಿಗೆ ಬರಹದಲ್ಲಿ ತಿಳಿಸಿ, ಮಗುವಿಗೆ ಮೊದಲ ನಿಮಿಷದಲ್ಲೇ ಹೇಳಿ: "ಇವತ್ತು ನೀನು ಹೇಳೋದನ್ನ ನಾನು ಬರೆದು ಮಂಡಳಿಗೆ ಕೊಡ್ತೀನಿ. ಇಷ್ಟ ಇಲ್ಲದ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ." ಇದನ್ನ ಹೇಳಿದ್ದು ಮತ್ತು ಮಗು ಅರ್ಥ ಮಾಡಿಕೊಂಡು ತನ್ನ ಮಾತಲ್ಲಿ ವಾಪಸ್ ಹೇಳಿದ್ದು ಎರಡೂ ವರದಿಯಲ್ಲಿರಲಿ.

ವರದಿಯ ಬಗ್ಗೆಯೇ ಸ್ವಲ್ಪ ಉದ್ದ ಬರೀತೀನಿ, ಕೆಲಸ ಕೆಡೋದು ಇಲ್ಲೇ. ಬೇರೆ ಬೇರೆ ದಿನ ಕನಿಷ್ಠ ಮೂರು ಭೇಟಿ, ಒಂದೊಂದು 45ರಿಂದ 60 ನಿಮಿಷ, ಪೋಷಕರ ಜೊತೆ ಪ್ರತ್ಯೇಕವಾಗಿ ಒಂದು. ನಶೆ ಇದ್ದ ಹುಡುಗನಾದ್ರೆ ಟೆಸ್ಟುಗಳನ್ನ ಎರಡು ವಾರದಾಚೆಗೆ ಇಟ್ಟುಕೊಳ್ಳಿ. ಕೋರ್ಟಿನ ವರಾಂಡದಲ್ಲಿ, ಪೊಲೀಸರು ಕಾಣೋ ಜಾಗದಲ್ಲಿ ಮಾಡಿದ ಒಂದು ಗಂಟೆಯ ಸಂದರ್ಶನ ಅಸೆಸ್‌ಮೆಂಟ್ ಅಲ್ಲ. ಪ್ರತಿ ಮಾಹಿತಿಗೆ ಮೂಲ ಕೊಡಿ: ತಾಯಿ ಹೇಳಿದ್ದು, ಶಾಲಾ ದಾಖಲೆ, ನಾನು ಗಮನಿಸಿದ್ದು. ದೈಹಿಕ ಸಾಮರ್ಥ್ಯ ನಿಮ್ಮದಲ್ಲ, ವೈದ್ಯರದ್ದು. ಅವರ ವರದಿ ಉಲ್ಲೇಖಿಸಿ ಮುಂದೆ ಹೋಗಿ. ಸನ್ನಿವೇಶ ಅಂದ್ರೆ ಆ ರಾತ್ರಿಯ ಘಟನಾವಳಿ ಮಾತ್ರ ಅಲ್ಲ. ಶಾಲೆ ಯಾವಾಗ ಬಿಟ್ಟ, ಮನೆಯಲ್ಲಿ ಹೊಡೆತ ಬಡಿತ ಇತ್ತಾ, ಯಾವ ಕೆಲಸಕ್ಕೆ ಹೋಗ್ತಿದ್ದ, ಜೊತೆಯಲ್ಲಿ ವಯಸ್ಕರು ಯಾರಿದ್ದರು. ಮಗುವನ್ನ ಅಪರಾಧಕ್ಕೆ ಬಳಸೋದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 95ರಲ್ಲಿ ಪ್ರತ್ಯೇಕ ಅಪರಾಧ, 3ರಿಂದ 10 ವರ್ಷ. ಹಾಗಾಗಿ ದೊಡ್ಡವರ ಪಾತ್ರದ ಸಾಲು ಬಿಡೋ ಹಾಗಿಲ್ಲ.

ಬರೀಬಾರದ್ದು: ತಪ್ಪೊಪ್ಪಿಗೆ, "ಅಪರಾಧಿ ಮನೋಭಾವ", "ಪಶ್ಚಾತ್ತಾಪ ಕಾಣಲಿಲ್ಲ", "ವಯಸ್ಕರಂತೆ ವಿಚಾರಣೆ ನಡೆಸಬಹುದು". ಮಗುವನ್ನ ನಿರಪರಾಧಿ ಅಂದುಕೊಂಡೇ ಮಾಡೋ ಪ್ರಕ್ರಿಯೆಯಲ್ಲಿ ಪಶ್ಚಾತ್ತಾಪ ಹುಡುಕೋದೇ ಅಸಂಬದ್ಧ. ವಯಸ್ಕರಂತೆ ವಿಚಾರಣೆ ಅನ್ನೋದು ಮಂಡಳಿಯ ತೀರ್ಮಾನ, ನಮ್ಮದಲ್ಲ. ಇನ್ನು ಹಳೇ ಕಡತದ ನಕಲು. ಇಬ್ಬರು ಹುಡುಗರ ವರದಿಯಲ್ಲಿ ಒಂದೇ ಪ್ಯಾರಾ ಇರೋದನ್ನ ವಕೀಲರು ಐದು ನಿಮಿಷದಲ್ಲಿ ಹಿಡೀತಾರೆ.

ಕಪ್ಪುಕೋಟು_ಕೋಲಾರ:
ಐದು ನಿಮಿಷವೂ ಬೇಡ.

ಗಣಿ_ಊರು:
ನಿಮ್ಹಾನ್ಸ್‌ಗೆ ಕಳಿಸಿಬಿಟ್ರೆ ಆಗಲ್ವಾ ಅಂತ ಕೇಳೋರಿಗೆ. ಹತ್ತಿರವೇ ಇದೆ, ತುಮಕೂರಿನಿಂದ 70 ಕಿ.ಮೀ. ಆಸುಪಾಸು, ಕೋಲಾರವೂ ಹೆಚ್ಚೂಕಮ್ಮಿ ಅಷ್ಟೇ. ಆದ್ರೆ ಬೆಂಗಾವಲು ಸಿಗಬೇಕು, ಅವರು ಸಮವಸ್ತ್ರದಲ್ಲಿ ಇರಬಾರದು, ಕೈಕೋಳ ಹಾಕಬಾರದು, ಪೂರ್ತಿ ಒಂದು ದಿನ ಬೇಕು. "ಮಾನಸಿಕ ಸ್ಥಿತಿ ತಿಳಿಸಿ" ಅಂತ ಒಂದು ಸಾಲಿನ ಪತ್ರ ಕೊಟ್ಟು ಕಳಿಸಿದ್ರೆ ಒಂದು ಸಾಲಿನ ಓಪಿಡಿ ಚೀಟಿ ವಾಪಸ್ ಬರುತ್ತೆ. ಏನು ಅನುಮಾನ, ಇಲ್ಲಿ ಏನೇನು ಗಮನಿಸಿದ್ದೀವಿ, ಯಾವ ಪ್ರಶ್ನೆಗೆ ಉತ್ತರ ಬೇಕು, ಮುಂದಿನ ದಿನಾಂಕ ಯಾವಾಗ ಅಂತ ಬರೆದು, ಶಾಲಾ ದಾಖಲೆ, ಹಳೇ ಔಷಧಿ ಚೀಟಿ ಲಗತ್ತಿಸಿ ಕಳಿಸಿ. ಬಹಳ ಕೇಸುಗಳಿಗೆ ಜಿಲ್ಲಾ ಆಸ್ಪತ್ರೆ ಮನೋವೈದ್ಯರೇ ಸಾಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯೋ ಮನೋಚೈತನ್ಯ ಕ್ಲಿನಿಕ್ಕೂ ಇದೆ, ಬಿಡುಗಡೆ ಆದಮೇಲಿನ ಫಾಲೋಅಪ್‌ಗೆ ಅದೇ ಹೇಳಿ ಮಾಡಿಸಿದ್ದು.

ಪಿಓ_ಹಾದಿ:
ಪರಿವೀಕ್ಷಣಾಧಿಕಾರಿಗಳ (ಪ್ರೊಬೇಷನ್ ಆಫೀಸರ್) ಕಡೆಯಿಂದ ಒಂದು ಮಾತು. ಸಾಮಾಜಿಕ ತನಿಖಾ ವರದಿ, ನಮೂನೆ 6, ಎರಡು ವಾರದಲ್ಲಿ ಮಂಡಳಿಗೆ ಹೋಗಬೇಕು. ಸೈಕಾಲಜಿಸ್ಟ್ ಆದವರು ಮನೆ ಭೇಟಿಗೆ ನಮ್ಮ ಜೊತೆ ಬಂದ್ರೆ ಇಬ್ಬರ ಕೆಲಸವೂ ಆಗುತ್ತೆ. ಇಲಾಖೆ ಜೀಪು ಬೇಡ, ಕುತ್ತಿಗೆಗೆ ನೇತುಹಾಕೋ ಐಡಿ ಕಾರ್ಡು ಜೇಬಲ್ಲಿರಲಿ. ಬೀದಿ ಮೂಲೆಯ ಅಂಗಡಿಯಲ್ಲಿ "ಇಂಥವನ ಮನೆ ಎಲ್ಲಿ" ಅಂತ ಕೇಳಿದ್ರೆ ಅರ್ಧ ಊರಿಗೆ ಸುದ್ದಿ. ಮೊದಲೇ ಫೋನ್ ಮಾಡಿ ಗುರುತು ಕೇಳಿಕೊಳ್ಳಿ.

ಹೊತ್ತು ನೋಡಿ ಹೋಗಬೇಕು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚೋ ಕೆಲಸಕ್ಕೆ ಹೋಗೋರು, ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಸೀಸನ್ನಿನ ಕೂಲಿಯವರು, ಮಾಲೂರು ಕಡೆ ಇಟ್ಟಿಗೆ ಗೂಡಿನವರು, ಇವರೆಲ್ಲ ಬೆಳಿಗ್ಗೆ ಮನೆಯಲ್ಲಿ ಸಿಗಲ್ಲ. ಸಂಜೆ ಆರರ ಮೇಲೆ ಹೋಗಿ. ಪಾವಗಡ, ಬಾಗೇಪಲ್ಲಿ ಕಡೆ ಅಪ್ಪ ಅಮ್ಮ ಬೆಂಗಳೂರಲ್ಲಿ ಕಟ್ಟಡ ಕೆಲಸದಲ್ಲಿದ್ದು ಹುಡುಗ ಅಜ್ಜಿ ಮನೆಯಲ್ಲಿ ಬೆಳೆದಿರ್ತಾನೆ. ಅಲ್ಲಿ ಅಪ್ಪನಿಗೆ ಹುಡುಗನ ಬಗ್ಗೆ ಏನೂ ಗೊತ್ತಿರಲ್ಲ, ಮಾತಾಡಬೇಕಾದ್ದು ಅಜ್ಜಿ ಜೊತೆ. ಅಕ್ಕಪಕ್ಕದವರ ಮಾತು ವರದಿಗೆ ಸೇರಿಸೋದು ಮಾತ್ರ ಯೋಚಿಸಿ. ಕೇಸಾದ ಮೇಲೆ ಎಲ್ಲರೂ "ಮೊದಲಿಂದಲೂ ಹಂಗೇ ಅವನು" ಅಂತಾರೆ.

ಕಲ್ಪತರು_ಸೀಮೆ:
ಗುಂಪು ಸೆಷನ್ ನಡೆಸ್ತಾರಾ? 12 ವಾರದ ಸಿಬಿಟಿ (ಯೋಚನೆ, ವರ್ತನೆ ತಿದ್ದಿಕೊಳ್ಳೋದನ್ನ ಕಲಿಸೋ ಚಿಕಿತ್ಸೆ) ಮಾಡ್ಯೂಲ್ ಒಂದು ನಮಗೆ ಕಲಿಸಿದ್ದಾರೆ.

ಒಳಮನೆ_ಕೌನ್ಸೆಲರ್:
12 ವಾರ ಇರೋ ಹುಡುಗರೇ ಕಡಿಮೆ, ಇದ್ದವನ ಜೊತೆಗಿನ ಹುಡುಗರೂ ಬದಲಾಗ್ತಾನೇ ಇರ್ತಾರೆ. ಸೋಮವಾರ ಎಂಟು ಜನ, ಗುರುವಾರ ಮೂವರಿಗೆ ಜಾಮೀನು, ಇಬ್ಬರು ಹೊಸಬರು. ಮೂರನೇ ಸೆಷನ್ ಅರ್ಥ ಆಗೋಕೆ ಎರಡನೇದು ಬೇಕು ಅನ್ನೋ ಮಾಡ್ಯೂಲ್ ವೀಕ್ಷಣಾಲಯದಲ್ಲಿ ನಡೆಯಲ್ಲ. ಪ್ರತಿ ಸೆಷನ್ ತನ್ನಷ್ಟಕ್ಕೆ ಮುಗೀಬೇಕು. 40 ನಿಮಿಷ, 8 ಜನ ಮೀರದ ಹಾಗೆ, ಒಂದು ವಿಷಯ: ಸಿಟ್ಟು ಏರೋ ಮೊದಲು ಮೈಯಲ್ಲಿ ಏನಾಗುತ್ತೆ, ಗೆಳೆಯ ಬೈಕ್ ಕೀ ಕೊಟ್ಟಾಗ ಏನು ಹೇಳಬೇಕು, ಒಪ್ಪಿಗೆ ಅಂದ್ರೇನು, ಮಂಡಳಿಯಲ್ಲಿ ಯಾರು ಯಾರು ಕೂತಿರ್ತಾರೆ. ಕೊನೇದಕ್ಕೆ ಹುಡುಗರು ಅತಿ ಹೆಚ್ಚು ಪ್ರಶ್ನೆ ಕೇಳೋದು. 12 ವರ್ಷದವನನ್ನೂ 17ರವನನ್ನೂ ಒಟ್ಟಿಗೆ ಕೂರಿಸಬೇಡಿ. ಒಂದೇ ಕೇಸಿನವರನ್ನೂ ಬೇಡ, ಅಲ್ಲಿ ದೊಡ್ಡವನು ನೋಡಿದ ಕಡೆ ಚಿಕ್ಕವನ ಮಾತು ತಿರುಗುತ್ತೆ. ಯಾರ ಕೇಸಿನ ವಿವರವೂ ಗುಂಪಿನಲ್ಲಿ ಬರಬಾರದು ಅನ್ನೋ ನಿಯಮ ಪ್ರತಿ ಸಲ ಹೊಸದಾಗಿ ಹೇಳಿ. 12 ವಾರದ್ದು ವಿಶೇಷ ಗೃಹಕ್ಕೆ ಸರಿ, ತಪ್ಪು ಮಾಡಿದ್ದು ಹೌದು ಅಂತ ತೀರ್ಮಾನ ಆದಮೇಲೆ ಅಲ್ಲಿ ಮಂಡಳಿ 3 ವರ್ಷದವರೆಗೂ ಇರಿಸಬಹುದು.

ಇನ್ನೊಂದು ಮರೀಬೇಡಿ. ಹುಡುಗ ತನ್ನ ಮೇಲೆ ಆದ ಲೈಂಗಿಕ ದೌರ್ಜನ್ಯ ಹೇಳಿದ್ರೆ, ಮನೆಯಲ್ಲಾಗಿರಲಿ ಇಲ್ಲೇ ಒಳಗಾಗಿರಲಿ, ಪೋಕ್ಸೋ ಸೆಕ್ಷನ್ 19ರ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ರೆ ನಿಮಗೇ 6 ತಿಂಗಳವರೆಗೆ ಶಿಕ್ಷೆ. "ಯಾರಿಗೂ ಹೇಳಲ್ಲ" ಅಂತ ಮೊದಲೇ ಮಾತು ಕೊಟ್ಟಿದ್ರೆ ಅವತ್ತೇ ನಂಬಿಕೆ ಮುರಿಯುತ್ತೆ. ಯಾವುದು ಗುಟ್ಟಾಗಿರುತ್ತೆ, ಯಾವುದು ಇರಲ್ಲ ಅನ್ನೋದು ಮೊದಲ ಭೇಟಿಯಲ್ಲೇ ಗೊತ್ತಾಗಲಿ.

ಪಿಓ_ಹಾದಿ:
ಬಿಡುಗಡೆ ದಿನದ ಬಗ್ಗೆ ಯಾರೂ ಬರೆದಿಲ್ಲ. ಸಂಜೆ ಜಾಮೀನು ಆದೇಶ ಬರುತ್ತೆ, ಅರ್ಧ ಗಂಟೆಯಲ್ಲಿ ಹುಡುಗ ಹೊರಟುಹೋಗ್ತಾನೆ, ಮಾತ್ರೆ ಬೀರುವಿನಲ್ಲೇ ಉಳಿಯುತ್ತೆ. ಅದಕ್ಕೇ ವೈಯಕ್ತಿಕ ಪಾಲನಾ ಯೋಜನೆ, ನಮೂನೆ 7, ಬಂದ ಮೊದಲ ವಾರದಲ್ಲೇ ಶುರುವಾಗಬೇಕು. ಒಂದು ಕವರಿನಲ್ಲಿ 15 ದಿನದ ಔಷಧಿ, ವೈದ್ಯರ ಚೀಟಿ, ಮುಂದಿನ ಭೇಟಿ ದಿನಾಂಕ, ಟೆಲಿಮಾನಸ್ (ಮಾನಸಿಕ ಆರೋಗ್ಯ ಸಹಾಯವಾಣಿ) 14416 ಮತ್ತು ಮಕ್ಕಳ ಸಹಾಯವಾಣಿ 1098 ಬರೆದ ಕಾಗದ ಸಿದ್ಧ ಇಟ್ಟಿರಿ.

ಶಾಲೆಗೆ ವಾಪಸ್ ಸೇರಿಸುವಾಗ ಮುಖ್ಯೋಪಾಧ್ಯಾಯರಿಗೆ ಆರೋಪ ಏನು ಅಂತ ಹೇಳೋ ಅಗತ್ಯ ಇಲ್ಲ. ಎಸ್ಸೆಸ್ಸೆಲ್ಸಿ ಹುಡುಗನಾದ್ರೆ ಶೇ. 75 ಹಾಜರಾತಿ ಲೆಕ್ಕ ಮೊದಲು ನೋಡಿ. ಕಡಿಮೆ ಬೀಳೋ ಹಾಗಿದ್ರೆ ಪರೀಕ್ಷೆ ಹತ್ತಿರ ಬರೋ ತನಕ ಕಾಯದೆ ಘಟಕದ ಮೂಲಕ ಈಗಲೇ ಡಿಡಿಪಿಐ ಕಚೇರಿಗೆ ಬರೆಯಿರಿ. ಓದು ಬೇಡ ಅನ್ನೋನಿಗೆ ಐಟಿಐ, 14 ತುಂಬಿದ್ರೆ ಸಾಕು, ಕೆಲವು ಟ್ರೇಡಿಗೆ ಎಂಟನೇ ಕ್ಲಾಸ್ ಪಾಸಾದ್ರೂ ಸೇರಬಹುದು. ವಸಂತನರಸಾಪುರ, ನರಸಾಪುರದ ಕಾರ್ಖಾನೆಗಳಲ್ಲಿ 18 ಆದಮೇಲೆ ಪೊಲೀಸ್ ಪರಿಶೀಲನೆ ಕೇಳಿದಾಗ ಮನೆಯವರು ಹೆದರ್ತಾರೆ. ಮುಗಿದ ಪ್ರಕರಣದ ದಾಖಲೆಯನ್ನ ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ ಅಂತ ಸೆಕ್ಷನ್ 74(2) ಸ್ಪಷ್ಟವಾಗಿ ಹೇಳುತ್ತೆ. ಈ ಒಂದು ಸಾಲನ್ನ ತಾಯಿಗೆ ಅರ್ಥ ಮಾಡಿಸಿದ್ರೆ ಹತ್ತು ಕೌನ್ಸೆಲಿಂಗಿಗಿಂತ ಹೆಚ್ಚು ಕೆಲಸ ಆಗುತ್ತೆ. ವಯಸ್ಕರಂತೆ ವಿಚಾರಣೆ ಆಗಿ ತಪ್ಪಿತಸ್ಥ ಅಂತಾದವರ ವಿಷಯ ಮಾತ್ರ ಬೇರೆ, ಅವರ ಬಗ್ಗೆ ಸೆಕ್ಷನ್ 24 ಓದಿಕೊಂಡು ವಕೀಲರನ್ನ ಕೇಳಿ ಹೇಳಿ.

ಕಲ್ಪತರು_ಸೀಮೆ:
ಕೊನೇ ಪ್ರಶ್ನೆ. ಪ್ರಬಂಧಕ್ಕೆ ಇದೇ ವಿಷಯ ತಗೊಂಡು ಐದಾರು ಹುಡುಗರ ಕೇಸ್ ಸ್ಟಡಿ ಮಾಡಬಹುದಾ? ಹೆಸರು ಬದಲಾಯಿಸಿ ಬರೀತೀನಿ.

ಕಪ್ಪುಕೋಟು_ಕೋಲಾರ:
ಹೆಸರು ಬದಲಾಯಿಸಿದರೆ ಸಾಲದು. ಗುರುತು ಹಿಡಿಯುವಂಥ ಯಾವ ವಿವರವೂ ಹೊರಬರುವಂತಿಲ್ಲ, ಸೆಕ್ಷನ್ 74. ಮೀರಿದರೆ 6 ತಿಂಗಳವರೆಗೆ ಸೆರೆ, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಗುಡಿಬಂಡೆಯಂಥ ಸಣ್ಣ ತಾಲ್ಲೂಕು, ವಯಸ್ಸು, ಆರೋಪ ಈ ಮೂರು ಒಟ್ಟಿಗೆ ಬರೆದರೆ ಅಲ್ಲಿಯ ಯಾರು ಬೇಕಾದರೂ ಹುಡುಗ ಯಾರೆಂದು ಹೇಳುತ್ತಾರೆ.

ಡಿಸಿಪಿಯು_ಕಡತ:
ಅನುಮತಿಗೆ ಕ್ರಮ ಹೀಗೆ: ಮೊದಲು ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ, ಅದನ್ನ ಲಗತ್ತಿಸಿ ಇಲಾಖೆಗೂ ಮಂಡಳಿಗೂ ಅರ್ಜಿ, ಆಮೇಲೆ ಪೋಷಕರ ಒಪ್ಪಿಗೆ, ಮಗುವಿನದ್ದು ಬೇರೆಯಾಗಿ. ಒಂದೇ ಸೆಮಿಸ್ಟರಿನಲ್ಲಿ ಇದಷ್ಟೂ ಆಗೋದು ಅನುಮಾನ. ಅದರ ಬದಲು ಸಿಬ್ಬಂದಿಯ ಕೆಲಸದ ಒತ್ತಡದ ಮೇಲೆ ಮಾಡಿ, ಮನೆತಾಯಂದಿರು, ಪರಿವೀಕ್ಷಣಾಧಿಕಾರಿಗಳು, ಸಮಾಲೋಚಕರನ್ನ ಮಾತಾಡಿಸಿ. ಎಲ್ಲ ವಯಸ್ಕರು, ಅನುಮತಿ ಬೇಗ ಸಿಗುತ್ತೆ, ಸಂದರ್ಶನಕ್ಕೆ ಹೋದಾಗ ನಿಮ್ಮ ಮುಖವೂ ಪರಿಚಯ ಇರುತ್ತೆ.